ಆರು ಸಾವಿರ ದ್ವೀಪ, ಒಂದೇ ಕಟ್ಟೆ

ಗ್ರೀಸ್ ದೇಶಕ್ಕೆ ಸಣ್ಣವು ದೊಡ್ಡವು ಸೇರಿ ಸುಮಾರು 6,000 ದ್ವೀಪಗಳಿವೆ ಎಂದು ಅಲ್ಲಿನ ಪ್ರವಾಸೋದ್ಯಮ ಇಲಾಖೆ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅದರಲ್ಲಿ ಜನ ವಾಸ ಮಾಡುವವು 227. ಆದರೆ ರಜೆಗೆ ಹೊರಡುವವರ ಭೂಗೋಳದಲ್ಲಿ ಇರುವುದು ಎರಡೇ: ಸ್ಯಾಂಟೊರಿನಿ ಮತ್ತು ಮಿಕೊನೊಸ್. ಉಳಿದ 225 ದ್ವೀಪಗಳವರು ಏನು ಪಾಪ ಮಾಡಿದ್ದರೋ ಎಂದು ನಾವು ಮರುಗುತ್ತೇವೆ. ಏನು ಪುಣ್ಯ ಮಾಡಿದ್ದರೋ ಎಂದು ಆ ಎರಡು ದ್ವೀಪಗಳವರು ಕರುಬುತ್ತಾರೆ.

ಹಿಂದೆಲ್ಲ ಪ್ರವಾಸವೆಂದರೆ ಗಂಟುಮೂಟೆ ಕಟ್ಟುವುದರಿಂದ ಶುರು. ಈಗ ಶುರುವಾಗುವುದು ಎಕ್ಸೆಲ್ ಹಾಳೆಯಿಂದ. ಒಟ್ಟು ಏಳು ದಿನ. ಮೊದಲ ದಿನ ಅಥೆನ್ಸ್. ಎರಡನೆಯ ದಿನ ಮಧ್ಯಾಹ್ನದ ಊಟದೊಳಗೆ ಅಥೆನ್ಸ್ ಮುಗಿದಿರಬೇಕು. ಎರಡೂವರೆ ಸಾವಿರ ವರ್ಷದ ವೈಭವಕ್ಕೆ ಒಂದೂವರೆ ದಿನ ಧಾರಾಳವಾಯಿತು ಎಂಬುದು ಮನೆಯ ಯಜಮಾನರ ಅಭಿಪ್ರಾಯ. ಆಮೇಲೆ ಮಿಕೊನೊಸ್, ಆಮೇಲೆ ಸ್ಯಾಂಟೊರಿನಿ. ಇಷ್ಟರಲ್ಲಿ ಭಾವಮೈದುನ ವಾಟ್ಸಾಪ್ ಗುಂಪಿನಲ್ಲಿ ಬಾಯಿ ಹಾಕುತ್ತಾನೆ: "ಭಾವ, ಅಷ್ಟು ದೂರ ಹೋಗ್ತಿದ್ದೀವಿ, ಕಾರ್ಫು ಬಿಡೋಕಾಗುತ್ತಾ? ಹಾಗೇ ಕ್ರೀಟ್‌ಗೂ ಅರ್ಧ ದಿನ ಇಟ್ಬಿಡಿ."

ಭಾವ ಇಟ್ಟುಬಿಡುತ್ತಾರೆ. ಕಾರ್ಫು ಇರುವುದು ದೇಶದ ಪಶ್ಚಿಮಕ್ಕೆ, ಅಯೋನಿಯನ್ ಸಮುದ್ರದಲ್ಲಿ. ಸ್ಯಾಂಟೊರಿನಿ ಇರುವುದು ಈಚೆ ಕಡೆಯ ಏಜಿಯನ್‌ನಲ್ಲಿ. ನಡುವೆ ಗ್ರೀಸಿನ ನೆಲ ಅಡ್ಡಡ್ಡ ಮಲಗಿದೆ. ಕ್ರೀಟ್ ದ್ವೀಪದ ಉದ್ದ ಸುಮಾರು 260 ಕಿಲೋಮೀಟರ್. ಅದರ ಬೆನ್ನ ಮೇಲೆ 2,400 ಮೀಟರ್ ದಾಟಿದ ಬೆಟ್ಟಗಳಿವೆ, ಕ್ನೊಸೊಸ್‌ನಲ್ಲಿ ಯುರೋಪಿನ ಬೇರೆಯವರು ಅರಮನೆಯ ಕನಸನ್ನೂ ಕಾಣದಿದ್ದ ಕಾಲದ ಅರಮನೆಯಿದೆ. ಅರ್ಧ ದಿನದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾರು ಹೋಗಬಹುದು, ಕಣ್ಣು ಹೋಗದು. ಆದರೇನು, ಮೊಬೈಲಿನ ಭೂಪಟದಲ್ಲಿ ಎಲ್ಲವೂ ಎರಡು ಬೆರಳಿನ ಅಂತರದಲ್ಲಿವೆ. ಎಕ್ಸೆಲ್ ಹಾಳೆಯಲ್ಲಿ ಸಮುದ್ರಕ್ಕೆ ಕಾಲಂ ಇಲ್ಲ.

ಸಮುದ್ರಕ್ಕೆ ಈ ವಿಷಯ ಯಾರೂ ತಿಳಿಸಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಏಜಿಯನ್ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಅದು ಬ್ಯೂಫೋರ್ಟ್ ಮಾಪಕದಲ್ಲಿ 8ಕ್ಕೆ ಏರಿತೆಂದರೆ ಬಂದರಿನ ಅಧಿಕಾರಿಗಳು ದೋಣಿ ಹಡಗುಗಳನ್ನೆಲ್ಲ ಕಟ್ಟಿಹಾಕುತ್ತಾರೆ. ಗಾಳಿ ಸುಮ್ಮನಿದ್ದ ದಿನ ನಾವಿಕರ ಸಂಘ ಮುಷ್ಕರ ಹೂಡುವುದೂ ಉಂಟು. ಆಗ ಪಿರೇಯಸ್ ಬಂದರಿನ ಬಿಸಿಲಿನಲ್ಲಿ ಟ್ರಾಲಿ ಬ್ಯಾಗಿನ ಮೇಲೆ ಕುಳಿತ ಯಜಮಾನರು ಮುಂದಿನ ಮೂರು ಹೋಟೆಲಿನ ಬುಕಿಂಗುಗಳು ಒಂದೊಂದಾಗಿ ಉರುಳುವುದನ್ನು ನೋಡುತ್ತಾರೆ. ಟ್ರಾಯ್ ಯುದ್ಧಕ್ಕೆ ಹೊರಟ ಗ್ರೀಕ್ ಸೇನಾಪತಿ ಅಗಮೆಮ್ನಾನ್ ಕೂಡ ಔಲಿಸ್ ದಡದಲ್ಲಿ ಹೀಗೇ ಸಿಕ್ಕಿಬಿದ್ದಿದ್ದ. ಗಾಳಿ ಬೀಸಲೆಂದು ಹೆತ್ತ ಮಗಳನ್ನೇ ಬಲಿಗೆ ಒಪ್ಪಿಸಿದ. ಈಗಿನ ಯಜಮಾನರಿಗೆ ಗಾಳಿ ನಿಲ್ಲಬೇಕು, ಬಲಿಗೆ ಭಾವಮೈದುನ ಸಾಕು.

ಈ ನೀರಿನಲ್ಲಿ ಲೆಕ್ಕ ತಪ್ಪಿದವರಲ್ಲೆಲ್ಲ ಹಿರಿಯ ಒಡಿಸ್ಸಿಯಸ್. ಟ್ರಾಯ್ ಯುದ್ಧ ಮುಗಿಸಿ ಇಥಾಕಾ ದ್ವೀಪದ ತನ್ನ ಮನೆಗೆ ಹೊರಟವನು ಮನೆ ಮುಟ್ಟಿದ್ದು ಹತ್ತು ವರ್ಷಕ್ಕೆ. ಅದರಲ್ಲಿ ಏಳು ವರ್ಷ ಕಳೆದದ್ದು ಕ್ಯಾಲಿಪ್ಸೊ ಎಂಬಾಕೆಯ ದ್ವೀಪದಲ್ಲಿ. ಇಂದಿನ ಷೆಂಗನ್ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಹಾಗಾಗಿ ಹೋಮರನ ನಾಯಕನನ್ನು ನಾಲ್ಕನೆಯ ತಿಂಗಳಿಗೇ ಹಿಡಿದು ವಿಮಾನ ಹತ್ತಿಸುತ್ತಿದ್ದರು, ಮಹಾಕಾವ್ಯ ಒಂದು ಸರ್ಗಕ್ಕೆ ಮುಗಿಯುತ್ತಿತ್ತು.

ವೀಸಾ ಎಂದ ಮೇಲೆ ಅದರ ಸಲಕರಣೆ ಹೇಳಬೇಕು. 90 ಯೂರೊ ಶುಲ್ಕ. 30,000 ಯೂರೊ ಮೊತ್ತದ ಆರೋಗ್ಯ ವಿಮೆ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಕಚೇರಿಯ ರಜೆ ಪತ್ರ, ಹೋಗುವ ಟಿಕೆಟ್, ಮುಖ್ಯವಾಗಿ ಬರುವ ಟಿಕೆಟ್, ಯಾವ ರಾತ್ರಿ ಯಾವ ಹಾಸಿಗೆಯಲ್ಲಿ ಮಲಗುತ್ತೀರಿ ಎಂಬುದಕ್ಕೆ ಹೋಟೆಲಿನ ಕಾಗದ. ಪ್ರಜಾಪ್ರಭುತ್ವ ಹುಟ್ಟಿದ ನಾಡನ್ನು ನೋಡಬೇಕಾದರೆ ಆ ನಾಡು ನಿಮಗೆ ಅಷ್ಟೇನೂ ಇಷ್ಟವಿಲ್ಲ, ಎಂಟನೆಯ ದಿನ ಓಡಿಬರುತ್ತೀರಿ ಎಂದು ಮೊದಲು ಸಾಬೀತು ಮಾಡಬೇಕು.

ಇಷ್ಟವಾಗಿ ಅಲ್ಲೇ ಉಳಿಯುವವರಿಗೆ ಬೇರೆ ಕೌಂಟರ್ ಇದೆ. ಅಥೆನ್ಸ್, ಮಿಕೊನೊಸ್, ಸ್ಯಾಂಟೊರಿನಿಗಳಲ್ಲಿ 8 ಲಕ್ಷ ಯೂರೊ ಕೊಟ್ಟು ಮನೆ ಕೊಂಡರೆ ಐದು ವರ್ಷದ ವಾಸದ ಪರವಾನಗಿ ಸಿಗುತ್ತದೆ. ಅದಕ್ಕೆ ಗೋಲ್ಡನ್ ವೀಸಾ ಎಂದು ಹೆಸರು. ಏಳು ದಿನಕ್ಕೆ ಬರುವವನ ಮೇಲೆ ಸಂಶಯ, ಐದು ವರ್ಷಕ್ಕೆ ಬರುವವನಿಗೆ ಸ್ವಾಗತ. 2010ರಲ್ಲಿ ಗ್ರೀಸ್ ಸಾಲದಲ್ಲಿ ಮುಳುಗಿದ್ದಾಗ ಜರ್ಮನಿಯ ಒಂದಿಬ್ಬರು ರಾಜಕಾರಣಿಗಳು "ದ್ವೀಪಗಳನ್ನಾದರೂ ಮಾರಿ ಸಾಲ ತೀರಿಸಬಾರದೇ" ಎಂಬರ್ಥದ ಮಾತಾಡಿದ್ದರು. ಗ್ರೀಕರ ರಕ್ತ ಕುದಿಯಿತು. ಕುದಿಯಬೇಕಾದದ್ದೇ. ದ್ವೀಪವನ್ನು ಇಡಿಯಾಗಿ ಮಾರಿದರೆ ದೇಶದ್ರೋಹ, ಮನೆ ಮನೆಯಾಗಿ ಮಾರಿದರೆ ಆರ್ಥಿಕ ನೀತಿ.

ನಮ್ಮ ಕಡೆಗೆ ಬಂದ ಗ್ರೀಕರ ಹತ್ತಿರ ಇಷ್ಟೆಲ್ಲ ಕಾಗದ ಕೇಳಿದಂತಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿಸ್ತಶಕ ಎರಡನೆಯ ಶತಮಾನದ ಪಪೈರಸ್ ಹಾಳೆಯೊಂದರಲ್ಲಿ ಒಂದು ಗ್ರೀಕ್ ಪ್ರಹಸನ ಇದೆ. ಖಾರಿಟಿಯೊನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ಅರಸನೊಬ್ಬನ ಸೆರೆಯಲ್ಲಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದು, ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ತಲೆ ಕೆಡಿಸಿ, ತಂಗಿಯನ್ನು ಕರೆದುಕೊಂಡು ಪರಾರಿಯಾಗುತ್ತಾನೆ. ಜೊತೆಗಿದ್ದ ವಿದೂಷಕ ವೈರಿಗಳನ್ನು ಹಿಮ್ಮೆಟ್ಟಿಸುವುದು ಅಪಾನವಾಯುವಿನಿಂದ. ಆ ಅರಸನೂ ಅವನ ಕಡೆಯವರೂ ಆಡುವ ಮಾತುಗಳಲ್ಲಿ ಕನ್ನಡವಿದೆ ಎಂದು ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದರು. ಇಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಕನ್ನಡವೇ ಆಗಿದ್ದರೆ ಒಂದು ಮಾತು ಖಚಿತ: ಗ್ರೀಕರು ನಮ್ಮಲ್ಲಿಗೆ ಬಂದು ನಮಗೇ ಕುಡಿಸಿ ಹೋದರು. ಈಗ ನಾವು ಅಲ್ಲಿಗೆ ಹೋಗಿ, ನಮ್ಮದೇ ದುಡ್ಡಿನಲ್ಲಿ ಕುಡಿದು, ಅರಸನ ಸ್ಥಿತಿಗೇ ಬರುತ್ತೇವೆ. ಎರಡು ಸಾವಿರ ವರ್ಷದಲ್ಲಿ ವ್ಯವಹಾರ ಅಷ್ಟರಮಟ್ಟಿಗೆ ಸುಧಾರಿಸಿದೆ.

ಅಥೆನ್ಸ್‌ಗೆ ಬನ್ನಿ. ಅಕ್ರೊಪೊಲಿಸ್ ಬೆಟ್ಟ ಹತ್ತಲು 2025ರಿಂದ 30 ಯೂರೊ. ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಅದೂ ಗಂಟೆಯ ಲೆಕ್ಕದಲ್ಲಿ. ಬೇಸಿಗೆಯ ಉರಿ ಮಿತಿಮೀರಿದ ದಿನಗಳಲ್ಲಿ ನಡುಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಎಕ್ಸೆಲ್ ಹಾಳೆಯವರಿಗೆ ಸಿಗುವುದು ಸಾಮಾನ್ಯವಾಗಿ ಆ ನಡುಮಧ್ಯಾಹ್ನವೇ. ಮೇಲೆ ಪಾರ್ಥೆನಾನ್ ಇದೆ, ಅಂದರೆ ಉಳಿದಷ್ಟು ಇದೆ. ತುರ್ಕರು ಅದರೊಳಗೆ ಸಿಡಿಮದ್ದಿನ ಸಂಗ್ರಹ ಇಟ್ಟಿದ್ದರು. 1687ರಲ್ಲಿ ವೆನಿಸ್‌ನವರು ಅದಕ್ಕೆ ಗುಂಡು ಹಾರಿಸಿದರು. ಇಟ್ಟವರಿಗೂ ಹಾರಿಸಿದವರಿಗೂ ಅದು ಕೇವಲ ಕಟ್ಟಡ. ಬಳಿಕ ಬ್ರಿಟನ್ನಿನ ಎಲ್ಗಿನ್ ಪ್ರಭು ಬಂದು ಉಳಿದ ಶಿಲ್ಪಗಳಲ್ಲಿ ಚೆಲುವಾದವನ್ನು ಇಳಿಸಿಕೊಂಡು ಹೋದ, 1816ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಹಿಂದಿರುಗಿಸಿ ಎಂದು ಗ್ರೀಸ್ ಕೇಳುತ್ತಲೇ ಇದೆ. 2009ರಲ್ಲಿ ಬೆಟ್ಟದ ಬುಡದಲ್ಲಿ ಹೊಸ ಮ್ಯೂಸಿಯಂ ತೆರೆದು, ಲಂಡನ್ನಿನಲ್ಲಿರುವ ತುಣುಕುಗಳ ಜಾಗದಲ್ಲಿ ಅಚ್ಚು ಕೂರಿಸಿ ಕಾಯುತ್ತಿದೆ. ಲಂಡನ್ನಿನ ಮ್ಯೂಸಿಯಂಗೆ ಪ್ರವೇಶ ಪುಕ್ಕಟೆ. ಹೊತ್ತೊಯ್ದ ಮಾಲು ನೋಡಲು ದುಡ್ಡಿಲ್ಲ, ಕಳೆದುಕೊಂಡವರ ಮನೆ ನೋಡಲು 30 ಯೂರೊ.

ಗ್ರೀಕರ ಬಗ್ಗೆ ತೀರಾ ಕನಿಕರವೂ ಬೇಡ. ಪರ್ಷಿಯನ್ನರ ವಿರುದ್ಧ ಒಕ್ಕೂಟ ಕಟ್ಟಿದ ದ್ವೀಪಗಳ ಖಜಾನೆ ಡೆಲೊಸ್ ದ್ವೀಪದಲ್ಲಿತ್ತು. ಕ್ರಿಸ್ತಪೂರ್ವ 454ರಲ್ಲಿ ಅಥೆನ್ಸ್ ಅದನ್ನು 'ಸುರಕ್ಷತೆಗಾಗಿ' ತನ್ನ ಮನೆಗೆ ಸಾಗಿಸಿತು. 447ರಲ್ಲಿ ಪಾರ್ಥೆನಾನ್ ಕೆಲಸ ಶುರುವಾಯಿತು. ಎರಡಕ್ಕೂ ಏನು ಸಂಬಂಧ ಎಂದು ಅಥೆನ್ಸಿನ ನಾಯಕ ಪೆರಿಕ್ಲಿಸ್‌ನನ್ನು ಅವನ ಕಾಲದವರೇ ಕೇಳಿದ್ದರು. ದ್ವೀಪಗಳ ದುಡ್ಡಿನಲ್ಲಿ ರಾಜಧಾನಿ ಮೆರೆಯುವುದು ಅಲ್ಲಿ ಹೊಸ ಪದ್ಧತಿಯಲ್ಲ.

ಇನ್ನು ಸ್ಯಾಂಟೊರಿನಿ. ಇದು ದ್ವೀಪವೆಂದು ಕೈಪಿಡಿಗಳು ಹೇಳುತ್ತವೆ. ನಿಜದಲ್ಲಿ ಇದು ಒಂದು ಕಟ್ಟೆ. ಬಿಳಿ ಗೋಡೆ, ನೀಲಿ ಗುಮ್ಮಟ, ಹಿಂದೆ ಸಮುದ್ರ, ಮುಂದೆ ಸರದಿ. ಇಲ್ಲಿ ಗಾಳಿಗೆ ಹತ್ತಾರು ಅಡಿ ಹಾರುವ ಉದ್ದ ಸೆರಗಿನ ಗೌನುಗಳು ಬಾಡಿಗೆಗೆ ಸಿಗುತ್ತವೆ. ಗೌನು ತೊಟ್ಟವಳು ಕಟ್ಟೆ ಹತ್ತುತ್ತಾಳೆ. ಒಬ್ಬ ಸೆರಗನ್ನು ಗಾಳಿಗೆ ಎಸೆದು ಚಿತ್ರದ ಚೌಕಟ್ಟಿನಿಂದ ಓಡಿ ಮರೆಯಾಗುತ್ತಾನೆ. ಇನ್ನೊಬ್ಬ ಚಿತ್ರ ತೆಗೆಯುತ್ತಾನೆ. ಚಿತ್ರದಲ್ಲಿ ಅವಳು ಏಕಾಂತವಾಗಿ ಅನಂತವನ್ನು ನೋಡುತ್ತಿರುತ್ತಾಳೆ. ಚೌಕಟ್ಟಿನ ಹೊರಗೆ ಅನಂತವನ್ನು ನೋಡಲು ನಲವತ್ತು ಜನ ಗಡಿಯಾರ ನೋಡುತ್ತ ನಿಂತಿರುತ್ತಾರೆ.

ಸಂಜೆಯಾದರೆ ಇಯಾ ಊರಿನ ಹಾಳು ಕೋಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಸೂರ್ಯ ಮುಳುಗುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಮುಳುಗದೆ ಕೈಕೊಟ್ಟಾನೆಂಬ ಭಯವಿತ್ತೋ ಏನೋ. ಸುಮಾರು 15,000 ಜನರ ಈ ದ್ವೀಪಕ್ಕೆ 2023ರಲ್ಲಿ ಬಂದವರು ಸುಮಾರು 34 ಲಕ್ಷ. ಊರಿಗೆ ವರ್ಗವಾಗಿ ಬರುವ ಮೇಷ್ಟ್ರಿಗೂ ಡಾಕ್ಟರಿಗೂ ಬಾಡಿಗೆ ಮನೆ ಸಿಗುವುದೇ ಕಷ್ಟ, ಇರುವ ಕೋಣೆಗಳೆಲ್ಲ ರಾತ್ರಿ ಲೆಕ್ಕದ ಅತಿಥಿಗಳಿಗೆ ಮೀಸಲು. ಮಕ್ಕಳಿಗೆ ಪಾಠವಿಲ್ಲದಿದ್ದರೆ ಏನಂತೆ, ಈಜುಕೊಳಗಳಿಗೆ ನೀರಿದೆ. ನದಿಯಿಲ್ಲದ ನೆಲವಾದ್ದರಿಂದ ಆ ನೀರನ್ನು ಸಮುದ್ರದ ಉಪ್ಪು ತೆಗೆದು ತಯಾರಿಸುತ್ತಾರೆ. ಸಮುದ್ರದ ನೀರನ್ನು ಇಷ್ಟು ಖರ್ಚಿನಲ್ಲಿ ಸಿಹಿಮಾಡಿ, ಸಮುದ್ರ ಕಾಣುವ ಹಾಗೆ ಕೊಳದಲ್ಲಿ ತುಂಬಿ, ಅದರಲ್ಲಿ ಕೂತು ಸಮುದ್ರವನ್ನು ನೋಡುವುದು ನಾಗರಿಕತೆಯ ಮುಂದಿನ ಹಂತ.

ಕೆಳಗಿನ ಹಳೆಯ ಬಂದರಿನಿಂದ ಫಿರಾ ಊರಿಗೆ ಹತ್ತಲು ಆರುನೂರರ ಹತ್ತಿರ ಮೆಟ್ಟಿಲುಗಳಿವೆ. ಕೇಬಲ್ ಕಾರ್ ಇದ್ದರೂ ಕತ್ತೆಯ ಮೇಲೆ ಹೋಗುವುದು 'ಅನುಭವ' ಎನಿಸಿಕೊಂಡಿದೆ. ಯಾರಿಗೆ ಎಂಬುದನ್ನು ಬಿಡಿಸಿ ಹೇಳಿಲ್ಲ. 100 ಕಿಲೋ ಮೀರಿದ ಭಾರವನ್ನು ಕತ್ತೆಗಳ ಮೇಲೆ ಹೇರಬಾರದೆಂದು 2018ರಲ್ಲಿ ಸರ್ಕಾರವೇ ನಿಯಮ ತರಬೇಕಾಯಿತು. ವಿಮಾನದಲ್ಲಿ ಪೆಟ್ಟಿಗೆಗೆ ತೂಕದ ಮಿತಿ ಇತ್ತು, ಇಲ್ಲಿ ಪ್ರಯಾಣಿಕನಿಗೇ ಬಂತು.

ಈ ಕಟ್ಟೆ ನಿಂತಿರುವುದು ಜ್ವಾಲಾಮುಖಿಯ ಬಾಯಂಚಿನಲ್ಲಿ. ಸುಮಾರು 3,600 ವರ್ಷಗಳ ಹಿಂದೆ ಅದು ಸಿಡಿದಾಗ ಅಕ್ರೊತಿರಿ ಎಂಬ ಸಿರಿವಂತ ಪಟ್ಟಣ ಬೂದಿಯಲ್ಲಿ ಹೂತುಹೋಯಿತು. 1967ರಿಂದ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೊಸ್ ಅಗೆಸಿದಾಗ ಎರಡು ಮೂರು ಅಂತಸ್ತಿನ ಮನೆಗಳು, ಚರಂಡಿ, ಗೋಡೆಯ ಮೇಲೆ ಹಡಗುಗಳ ಮೆರವಣಿಗೆಯ ಚಿತ್ರ ಎಲ್ಲ ಹೊರಬಂದವು; ಆದರೆ ಆ ಮನೆಗಳಲ್ಲಿ ಮನುಷ್ಯರ ಅಸ್ಥಿಪಂಜರ ಸಿಗಲಿಲ್ಲ. ನೆಲ ನಡುಗಿದ್ದೇ ಜನ ಜಾಗ ಖಾಲಿ ಮಾಡಿದ್ದರು. ಸ್ಯಾಂಟೊರಿನಿಯಿಂದ ಯಾವಾಗ ಹೊರಡಬೇಕೆಂದು ತಿಳಿದಿದ್ದ ಕೊನೆಯ ತಲೆಮಾರು ಅದು. 2025ರ ಆರಂಭದಲ್ಲಿ ಮತ್ತೆ ಭೂಕಂಪಗಳ ಸರಮಾಲೆ ಶುರುವಾಗಿ ಸಾವಿರಾರು ಜನ ಊರು ಬಿಟ್ಟರು. ಆ ಕೆಲವು ವಾರ ಕಟ್ಟೆ ಖಾಲಿಯಿತ್ತು. ಅಪ್ಪಟ ಏಕಾಂತದ ಚಿತ್ರ ತೆಗೆಯಬಹುದಿತ್ತು. ನಮ್ಮವರು ಬುಕಿಂಗ್ ರದ್ದು ಮಾಡಿ ರೀಫಂಡ್ ಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದರು.

ಮಿಕೊನೊಸ್‌ನಲ್ಲಿ ಇದೇ ವ್ಯವಹಾರ ಸಂಗೀತದ ಸಮೇತ ನಡೆಯುತ್ತದೆ. ಸಮುದ್ರ ತೀರದ ಮರಳಿನ ಮೇಲೆ ಒರಗುಕುರ್ಚಿ ಹಾಕಿ ಬಾಡಿಗೆ ಎತ್ತುವ ಉದ್ಯಮ ಎಷ್ಟು ಬೆಳೆಯಿತೆಂದರೆ, 2023ರಲ್ಲಿ ಪಕ್ಕದ ಪಾರೊಸ್ ದ್ವೀಪದ ಜನ ತಮ್ಮದೇ ತೀರದಲ್ಲಿ ಟವೆಲ್ ಹಾಸಲು ಜಾಗ ಕೊಡಿ ಎಂದು ಬೀದಿಗಿಳಿದರು. ಟವೆಲ್ ಚಳವಳಿ ಎಂದೇ ಅದು ಹೆಸರಾಯಿತು. ಅಧಿಕಾರವನ್ನು ಜನರ ಕೈಗೆ ಕೊಟ್ಟು ಜಗತ್ತಿಗೇ ದಾರಿ ತೋರಿದವರು ಈಗ ಆರಡಿ ಮರಳಿಗಾಗಿ ಹೋರಾಡುತ್ತಿದ್ದಾರೆ.

ಮಿಕೊನೊಸ್‌ನಿಂದ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಆ ಖಜಾನೆಯಿದ್ದ ಡೆಲೊಸ್. ಅಪೊಲೊ ಹುಟ್ಟಿದ ಪುಣ್ಯಭೂಮಿ. ಕ್ರಿಸ್ತಪೂರ್ವ 426ರಲ್ಲಿ ಅಥೆನ್ಸಿನವರು ಇದನ್ನು ಶುದ್ಧಿ ಮಾಡಲು ಹೊರಟು, ಇಲ್ಲಿದ್ದ ಗೋರಿಗಳನ್ನೆಲ್ಲ ಅಗೆದು ಸಾಗಿಸಿ, ಇನ್ನು ಮೇಲೆ ಯಾರೂ ಇಲ್ಲಿ ಹುಟ್ಟಬಾರದು, ಸಾಯಬಾರದು ಎಂದು ಕಟ್ಟಳೆ ಮಾಡಿದರು. ಬಸುರಿಯರನ್ನೂ ಸಾಯುವ ಸ್ಥಿತಿಯವರನ್ನೂ ಪಕ್ಕದ ರಿನಿಯಾ ದ್ವೀಪಕ್ಕೆ ದಾಟಿಸುತ್ತಿದ್ದರು. ಈಗಲೂ ಪ್ರವಾಸಿಗರು ರಾತ್ರಿ ತಂಗುವಂತಿಲ್ಲ. ಹೋಟೆಲಿಲ್ಲ, ಕೊಳವಿಲ್ಲ, ಕುರ್ಚಿಯಿಲ್ಲ. ಅಮೃತಶಿಲೆಯ ಸಿಂಹಗಳು, ಮೊಸಾಯಿಕ್ ನೆಲದ ಮನೆಗಳು, ಹಲ್ಲಿಗಳು. ಹುಟ್ಟಲು, ಸಾಯಲು, ಮಲಗಲು ಬಿಡದ ಕಾರಣಕ್ಕೇ ಆ ದ್ವೀಪ ಇನ್ನೂ ಜೀವದಿಂದ ಇದೆ. ಎಕ್ಸೆಲ್ ಹಾಳೆಯಲ್ಲಿ ಡೆಲೊಸ್ ಮೊದಲು ಇತ್ತು. ಒರಗುಕುರ್ಚಿಗೆ ಮುಂಗಡ ಕೊಟ್ಟಾಗಿದೆ ಎಂದು ಆಮೇಲೆ ಅಳಿಸಲಾಯಿತು.

ಊಟದ ವಿಚಾರ ಬೇಗ ಮುಗಿಸೋಣ, ಏಕೆಂದರೆ ನಮ್ಮವರೂ ಬೇಗ ಮುಗಿಸುತ್ತಾರೆ: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಬಿಸಿನೀರು ಹೊಯ್ದರೆ ಅರಳುವ ಉಪ್ಪಿಟ್ಟು. ಗ್ರೀಸಿನಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗುವುದಿಲ್ಲ ಎಂದು ಹೋಗುವ ಮೊದಲೇ ತೀರ್ಮಾನವಾಗಿರುತ್ತದೆ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಆರ್ಥಡಾಕ್ಸ್ ಗ್ರೀಕರು ಮಾಂಸವನ್ನಷ್ಟೇ ಅಲ್ಲ, ಹಾಲು ಮೊಟ್ಟೆಯನ್ನೂ ಮುಟ್ಟದೆ ಉಪವಾಸ ಮಾಡುತ್ತಾರೆ. ಆ ವ್ರತಕ್ಕೆಂದೇ ಒಂದು ಅಡುಗೆ ಪದ್ಧತಿ ಬೆಳೆದಿದೆ. ಸ್ಯಾಂಟೊರಿನಿಯ ಹೆಸರುವಾಸಿ ತಿನಿಸು ಫಾವಾ, ಹಳದಿ ಬೇಳೆಯನ್ನು ಬೇಯಿಸಿ ಮಸೆದು ಆಲಿವ್ ಎಣ್ಣೆ ಹಾಕಿದ್ದು, ನಮ್ಮ ತೊವ್ವೆಯ ದಾಯಾದಿ. ಕಟ್ಟೆಯ ಪಕ್ಕದ ಹೋಟೆಲಿನಲ್ಲಿ ಅದು ಸಿಗುತ್ತದೆ. ಯಜಮಾನರು ಅದೇ ಹೋಟೆಲಿನಲ್ಲಿ ಪಿಜ್ಜಾ ತರಿಸಿ, ಗ್ರೀಕ್ ಅಡುಗೆ ಸಪ್ಪೆ ಎಂದು ಷರಾ ಬರೆಯುತ್ತಾರೆ.

ಹಾಗಾದರೆ ಕನ್ನಡ ಬಲ್ಲವರು ಹೋಗಲೇಬೇಕಾದ ದ್ವೀಪ ಯಾವುದೂ ಇಲ್ಲವೇ? ಇದೆ. ಅಥೆನ್ಸ್ ಪಕ್ಕದ ಪೆರಮಾದಿಂದ ದೋಣಿಯಲ್ಲಿ ಕಾಲು ಗಂಟೆ: ಸಲಾಮಿಸ್. ಕ್ರಿಸ್ತಪೂರ್ವ 480ರಲ್ಲಿ ಈ ಇಕ್ಕಟ್ಟಿನ ಜಲಸಂಧಿಯಲ್ಲೇ ಗ್ರೀಕರು ಪರ್ಷಿಯಾದ ದೊಡ್ಡ ನೌಕಾಪಡೆಯನ್ನು ಮುರಿದರು. ಆ ಸೋಲನ್ನು ಸೋತವರ ಆಸ್ಥಾನದಲ್ಲಿ ನಿಲ್ಲಿಸಿ ಈಸ್ಕಿಲಸ್ ನಾಟಕ ಬರೆದ. ಬಿಎಂಶ್ರೀ ಅದನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಸೋಫೊಕ್ಲಿಸ್‌ನ ನಾಟಕದ ನಾಯಕ ಏಜಾಕ್ಸ್ ಈ ಸಲಾಮಿಸ್‌ನವನೇ. ಬಿಎಂಶ್ರೀ ಅವನನ್ನು ಕುರುಕ್ಷೇತ್ರಕ್ಕೆ ಕರೆತಂದು 'ಅಶ್ವತ್ಥಾಮನ್' ಮಾಡಿದರು. ಕನ್ನಡದ ಗಂಭೀರ ನಾಟಕದ ಎರಡು ಬೇರು ಒಂದೇ ದ್ವೀಪದಲ್ಲಿವೆ. ಈ ಮಾತು ಹೇಳಿದರೆ ಯಜಮಾನರು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಫೋಟೊ ತೆಗೆಯೋಕೆ ಏನಿದೆ?" ಉತ್ತರ ಕಷ್ಟ. ಈಚೆ ದಡದಲ್ಲಿ ಹಡಗು ರಿಪೇರಿ ಮಾಡುವ ಕ್ರೇನುಗಳಿವೆ, ಆಚೆ ದಡದಲ್ಲಿ ಸಾಮಾನ್ಯ ಜನರ ಸಾಮಾನ್ಯ ಮನೆಗಳಿವೆ. ನೀಲಿ ಗುಮ್ಮಟದ ಮುಂದೆ ಗೌನು ಹಾರಿಸಬಹುದು, ಕ್ರೇನಿನ ಮುಂದೆ ಹಾರಿಸಿದರೆ ಸುರಕ್ಷತಾ ಅಧಿಕಾರಿ ಬರುತ್ತಾನೆ.

ಸರ್ಕಾರಕ್ಕೆ ಇದೆಲ್ಲ ತಿಳಿಯದೆ ಇಲ್ಲ. ಸುಮಾರು 1.04 ಕೋಟಿ ಜನರ ದೇಶಕ್ಕೆ 2024ರಲ್ಲಿ 3.5 ಕೋಟಿಗೂ ಹೆಚ್ಚು ಪ್ರವಾಸಿಗರು ಬಂದರು. ಇಷ್ಟು ಜನ ಬೇಡ ಎನ್ನಲು ಬಾಯಿ ಬರದು, ಬನ್ನಿ ಎನ್ನಲು ನೀರಿಲ್ಲ, ಜಾಗವಿಲ್ಲ. ಆದ್ದರಿಂದ ನಡುದಾರಿ ಹಿಡಿದಿದೆ: ಬನ್ನಿ, ಬಂದದ್ದಕ್ಕೆ ದಂಡ ಕಟ್ಟಿ. ಬೇಸಿಗೆಯಲ್ಲಿ ಕ್ರೂಸ್ ಹಡಗಿನಿಂದ ಸ್ಯಾಂಟೊರಿನಿ, ಮಿಕೊನೊಸ್‌ಗಳಲ್ಲಿ ಇಳಿದರೆ ತಲೆಗೆ 20 ಯೂರೊ. ಹೋಟೆಲಿನಲ್ಲಿ ಮಲಗಿದರೆ ರಾತ್ರಿಗೆ 15 ಯೂರೊವರೆಗೆ ಹವಾಮಾನ ಬಿಕ್ಕಟ್ಟಿನ ಶುಲ್ಕ. ವಿಮಾನದಲ್ಲಿ ಸಾವಿರಾರು ಕಿಲೋಮೀಟರ್ ಹೊಗೆ ಬಿಟ್ಟುಕೊಂಡು ಬಂದವರು ರಿಸೆಪ್ಶನ್ನಿನಲ್ಲಿ 15 ಯೂರೊ ಕಟ್ಟಿ ಪಾಪ ತೊಳೆದುಕೊಳ್ಳುತ್ತಾರೆ. ಮಧ್ಯಯುಗದ ಪೋಪ್‌ಗಳು ಪಾಪಕ್ಷಮೆಗೆ ಇದಕ್ಕಿಂತ ಹೆಚ್ಚು ವಸೂಲಿ ಮಾಡುತ್ತಿದ್ದರು.

ಆದಕಾರಣ ಗ್ರೀಸ್ ಸರ್ಕಾರಕ್ಕೆ ಒಂದು ವಿನಮ್ರ ಸಲಹೆ. ಅಥೆನ್ಸ್ ವಿಮಾನ ನಿಲ್ದಾಣದೊಳಗೇ, ಇಮಿಗ್ರೇಷನ್ ಕೌಂಟರಿಗೆ ಮುಂಚೆ, ಒಂದು ಬಿಳಿ ಕಟ್ಟೆ ಕಟ್ಟಿಸಿ. ಅದರ ಹಿಂದೆ ನೀಲಿ ಗುಮ್ಮಟ, ಬಣ್ಣ ಬಳಿದ ಸಮುದ್ರ, ಸೆರಗು ಹಾರಲು ದೊಡ್ಡದೊಂದು ಫ್ಯಾನ್. ಹತ್ತು ನಿಮಿಷಕ್ಕೊಮ್ಮೆ ಕಿತ್ತಳೆ ದೀಪವೊಂದು ಮೆಲ್ಲಗೆ ಇಳಿಯಲಿ, ಚಪ್ಪಾಳೆಯ ಧ್ವನಿಮುದ್ರಿಕೆ ಮೊಳಗಲಿ. ಮೂಲೆಯಲ್ಲಿ ಪಾರ್ಥೆನಾನ್‌ನ ನಾಲ್ಕು ಕಂಬವಿದ್ದರೆ ಮಕ್ಕಳ ಓದಿಗೂ ಅನುಕೂಲ. 20 ಯೂರೊ, 15 ಯೂರೊ, 30 ಯೂರೊ ಎಲ್ಲವನ್ನೂ ಅಲ್ಲೇ ಒಂದೇ ರಸೀದಿಯಲ್ಲಿ ವಸೂಲಿ ಮಾಡಿ. ಬಂದವರು ಸಂಜೆಯ ವಿಮಾನಕ್ಕೇ ಹಿಂದಿರುಗಬಹುದು. ದೇಶದೊಳಗೆ ಕಾಲಿಡದ ಕಾರಣ ಅವರು ಅಲ್ಲೇ ಉಳಿದಾರೆಂಬ ಭಯ ನಿಮಗಿಲ್ಲ, ಮೆಲ್ಟೆಮಿಯ ಭಯ ಅವರಿಗಿಲ್ಲ. ಮೇಷ್ಟ್ರಿಗೆ ಮನೆ ಸಿಗುತ್ತದೆ, ಪಾರೊಸ್‌ನವರಿಗೆ ಟವೆಲ್ ಹಾಸಲು ಮರಳು ಸಿಗುತ್ತದೆ, ಭಾವಮೈದುನನಿಗೆ ಜೀವದಾನ ಸಿಗುತ್ತದೆ. ಫೋಟೊಗಳಲ್ಲಿ ಯಾವ ವ್ಯತ್ಯಾಸವೂ ಕಾಣದು. ನಷ್ಟವೇನಾದರೂ ಆದರೆ ಫಿರಾ ಮೆಟ್ಟಿಲುಗಳ ಕತ್ತೆಗಳಿಗೆ ಮಾತ್ರ. ಇದ್ದ ಕೆಲಸ ಹೋಯಿತೆಂದು ಅವು ಮುಷ್ಕರ ಹೂಡಲಾರವು.